ಪೈಪಿನ ಬುಡದ ಸದ್ದು

ಜನವರಿ ೧೧

ಪ್ರೀತಿಯ ಕಿವುಡನಿಗೆ,

ನಿನ್ನ ಅಕ್ಕ ಇನ್ನೂ ಬದುಕಿದ್ದಾಳೆ. ಮೂರು ತಿಂಗಳಿಂದ ನಿನ್ನಿಂದ ಒಂದು ಸಾಲೂ ಇಲ್ಲದ್ದರಿಂದ ನಿನಗೆ ಅನುಮಾನ ಬಂದಿರಬಹುದೆಂದು ತಿಳಿಸುತ್ತಿದ್ದೇನೆ. ಚಿಕ್ಕಂದಿನಲ್ಲಿ ಗಂಟಲು ಹರಿಯುವಂತೆ ಕೂಗಿದರೂ ಊಟಕ್ಕೆ ಏಳದೆ ನನ್ನಿಂದ ಈ ಹೆಸರು ಪಡೆದವನು ನೀನು. ಅಂಥವನಿಗೆ ನೆಲದೊಳಗಿನ ಸದ್ದು ಕೇಳುವ ಕೆಲಸ ಕೊಟ್ಟು ಸಂಬಳವನ್ನೂ ಕೊಡುತ್ತಾರೆ ಎಂದರೆ ನಿನ್ನ ಭಾವನಿಗೆ ನಗು ತಡೆಯುವುದಿಲ್ಲ.

ನಿಮ್ಮ ಕಚೇರಿಯವರು ಈಚೆಗೆ ಇಲ್ಲಿಗೆ ಬಂದು ಗಣಿಯ ಮೇಲಿನ ನೆಲದುದ್ದಕ್ಕೂ ಕಿತ್ತಳೆ ಬಣ್ಣದ ಲೋಟಗಳಂಥವನ್ನು ಚುಚ್ಚಿದ್ದರಲ್ಲ, ಒಂದನ್ನು ನಾನು ಬಟ್ಟೆ ಒಣಹಾಕುವ ತಂತಿಯ ಕೆಳಗೇ ಚುಚ್ಚಿದ್ದರು. ಒಂದು ಲಾರಿ ದೊಡ್ಡ ಗುಂಡನ್ನು ಎತ್ತಿ ಎತ್ತಿ ನೆಲಕ್ಕೆ ಕುಕ್ಕುತ್ತಿತ್ತು. ಪ್ರತಿ ಕುಕ್ಕಿಗೂ ನನ್ನ ಅಡುಗೆಮನೆಯ ಪಾತ್ರೆಗಳೆಲ್ಲ ಕುಣಿದವು. ಒಬ್ಬಾತ ಬಂದು, ಸ್ವಲ್ಪ ಹೊತ್ತು ಓಡಾಡಬೇಡಿ, ನಿಮ್ಮ ಹೆಜ್ಜೆ ಯಂತ್ರಕ್ಕೆ ಕೇಳುತ್ತದೆ ಎಂದ. ನಾನು ದಪ್ಪಗಾಗಿದ್ದೇನೆ ಎಂಬುದನ್ನು ಇಷ್ಟು ಮರ್ಯಾದೆಯಿಂದ ಇದುವರೆಗೆ ಯಾರೂ ಹೇಳಿರಲಿಲ್ಲ.

ಇವರಿಗೆ ಈಗ ಹಳೆಯ ಉತ್ತರ ಸುರಂಗದಲ್ಲಿ ಕೆಲಸ. ಛಾವಣಿಗೆ ಆಸರೆ ಕಂಬ ಕೊಡುವುದು, ಸರಳಿನಿಂದ ಛಾವಣಿಯನ್ನು ತಟ್ಟಿ ನೋಡುವುದು. ಗಟ್ಟಿ ಕಲ್ಲಾದರೆ ಖಣ್ ಎನ್ನುತ್ತದಂತೆ, ಬಿಟ್ಟುಕೊಂಡ ಕಲ್ಲಾದರೆ ಡಬ್ ಎನ್ನುತ್ತದಂತೆ. ಈ ಚಟ ಮನೆಗೂ ಬಂದಿದೆ. ಗೋಡೆ, ಮೇಜು, ಹೊಸದಾಗಿ ತಂದ ಕಲ್ಲಂಗಡಿ, ಎಲ್ಲವನ್ನೂ ತಟ್ಟುತ್ತಾರೆ.

ಒಂದು ತಮಾಷೆ ಹೇಳುತ್ತೇನೆ. ನಮ್ಮ ಬೀದಿಯ ಕೊನೆಯಲ್ಲಿ ಪೊದೆಗಳ ನಡುವೆ ಒಂದು ತುಕ್ಕು ಹಿಡಿದ ಪೈಪು ನಿಂತಿದೆ. ಯಾವ ಕಾಲದಲ್ಲೋ ಗಣಿಯ ನೀರು ಎತ್ತಲು ಇಳಿಸಿದ್ದು. ಅದರ ಬುಡ ಉತ್ತರ ಸುರಂಗದಲ್ಲಿ ಹೊರಬಿದ್ದಿದೆಯಂತೆ. ಮೊನ್ನೆ ಇವರು, ಮಧ್ಯಾಹ್ನ ಹೋಗಿ ಆ ಪೈಪಿಗೆ ಕಿವಿಯಿಟ್ಟು ನಿಲ್ಲು ಎಂದರು. ನಿಂತೆ. ಹೋಗಿಬರುವವರು ನನಗೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಟಕ್ ಟಕ್ ಟಕ್, ಒಂದಿಷ್ಟು ತಡೆದು ಟಕ್ ಟಕ್. ಮೂರು, ಆಮೇಲೆ ಎರಡು. ಇವರು ಮನೆಯ ಬಾಗಿಲು ತಟ್ಟುವುದೂ ಹೀಗೆಯೇ. ನಾಚಿಕೆಯಿಲ್ಲದೆ ಹೇಳುತ್ತೇನೆ, ಪೈಪನ್ನು ತಬ್ಬಿಕೊಂಡು ನಕ್ಕೆ, ಆಮೇಲೆ ಅತ್ತೆ.

ಆದರೆ ಬಾಗಿಲಿನ ವಿಷಯದಲ್ಲಿ ನಮ್ಮಿಬ್ಬರಿಗೆ ಜಗಳ ಮುಗಿದಿಲ್ಲ. ಒಂದೇ ಒಂದು ಸಲ ತಟ್ಟುತ್ತಾರೆ, ಆಮೇಲೆ ಎಷ್ಟು ಹೊತ್ತಾದರೂ ಸುಮ್ಮನೆ ನಿಂತಿರುತ್ತಾರೆ. ನಾನು ಹಿತ್ತಲಿನಲ್ಲಿದ್ದು ಬರುವುದು ತಡವಾಗಿ, ಚಳಿಯಲ್ಲಿ ಮರಗಟ್ಟಿ ನಿಂತದ್ದೂ ಉಂಟು. ಇನ್ನೊಂದು ಸಲ ತಟ್ಟಿದರೆ ಕೈ ಸವೆಯುತ್ತದೆಯೇ ಎಂದು ಕೇಳಿದರೆ, "ನಿಂಗೆ ಕೇಳ್ಸಿರುತ್ತೆ. ಬರ್ತೀಯ ಅಂತ ಗೊತ್ತಿದ್ಮೇಲೆ ಮತ್ತೆ ಮತ್ತೆ ಯಾಕೆ ಕರೀಬೇಕು?" ಅನ್ನುತ್ತಾರೆ. ಈ ಮನುಷ್ಯನ ಜೊತೆ ಹೇಗೆ ಬಾಳುವುದು ಹೇಳು.

ನಿನ್ನ ಅಕ್ಕ

*

ಜನವರಿ ೨೯

ಅಕ್ಕಾ,

ಬೈಗುಳ ತಲುಪಿತು. ಎರಡು ಸಲ ಓದಿದೆ, ಸಾಕಾಗುವಷ್ಟಿತ್ತು.

ನಾನು ಕೂರುವ ಕೋಣೆಗೆ ಕಿಟಕಿಯಿಲ್ಲ. ಯಂತ್ರಗಳಿಗೆ ತಂಪು ಬೇಕೆಂದು ನಮ್ಮನ್ನೂ ತಂಪಿನಲ್ಲಿಟ್ಟಿದ್ದಾರೆ, ಬೇಸಿಗೆಯಲ್ಲೂ ಸ್ವೆಟರು. ನಿನ್ನ ಬಟ್ಟೆ ತಂತಿಯ ಕೆಳಗಿನ ನೆಲ ಈಗ ನನ್ನ ಎದುರಿನ ಗೋಡೆಯ ಮೇಲಿದೆ, ಎರಡು ಮಾರು ಉದ್ದದ ಕಾಗದದಲ್ಲಿ ಕಪ್ಪು ಗೆರೆಗಳಾಗಿ.

ಭಾವ ನಗುವುದರಲ್ಲಿ ತಪ್ಪೇನಿಲ್ಲ, ಅವರು ಸರಳಿನಿಂದ ಮಾಡುವುದನ್ನೇ ನಾವು ಲಾರಿಯಿಂದ ಮಾಡುತ್ತೇವೆ. ಗುಂಡು ಬಿದ್ದಾಗ ಅಲೆ ಕೆಳಗಿಳಿಯುತ್ತದೆ. ಕಲ್ಲಿನ ಪದರ ಬದಲಾದಲ್ಲೆಲ್ಲ ಅದರ ಒಂದು ಪಾಲು ಮೇಲಕ್ಕೆ ಮರಳುತ್ತದೆ. ಯಾವ ಲೋಟಕ್ಕೆ ಎಷ್ಟು ತಡವಾಗಿ ಮರಳಿತು ಎಂಬುದರಿಂದ ಒಳಗೆ ಏನು ಎಲ್ಲಿದೆ ಎಂದು ಚಿತ್ರ ಮಾಡುತ್ತೇವೆ. ಒಂದು ಏಟಿನಲ್ಲಿ ಏನೂ ಕಾಣದು. ಹಲವು ಏಟುಗಳ ದಾಖಲೆಯನ್ನು ಒಂದರ ಮೇಲೊಂದು ಪೇರಿಸಿದರೆ, ಮತ್ತೆ ಮತ್ತೆ ಬಂದದ್ದು ದಪ್ಪಗೆ ಉಳಿಯುತ್ತದೆ, ಅಡ್ಡಾದಿಡ್ಡಿ ಬಂದದ್ದು ಅಳಿಸಿಹೋಗುತ್ತದೆ. ಇನ್ನು ಮೇಲ್ಮೈಯ ಗದ್ದಲ, ಅಂದರೆ ಲಾರಿಯ ಗುಡುಗು, ನಿನ್ನ ಗಜಗಮನ, ಇವನ್ನೆಲ್ಲ ಮೊದಲೇ ಕತ್ತರಿಸಿ ಎಸೆಯುತ್ತೇವೆ. ನನ್ನ ಅರ್ಧ ಕೆಲಸ ಈ ಕತ್ತರಿಸುವುದೇ. ಈಗೀಗ ನೋಡದೆಯೂ ಕೈ ತಾನಾಗಿ ಕತ್ತರಿಸುತ್ತದೆ.

ನಿಮ್ಮ ಉತ್ತರ ಸುರಂಗ ಅಂಗೈಯಂತೆ ಕಾಣುತ್ತಿದೆ. ನಿನ್ನ ಪೈಪೂ ಇದೆ, ಸಣ್ಣ ಗೀಟಾಗಿ. ದಕ್ಷಿಣದ ಕಡೆ ಮಾತ್ರ ಎಲ್ಲ ಮಸುಕು. ಹಿಂದೆ ಕಲ್ಲಿದ್ದಲು ತೆಗೆದು ಕುಸಿಯಲು ಬಿಟ್ಟ ಜಾಗವದು. ಪುಡಿಕಲ್ಲು ಅಲೆಯನ್ನು ನುಂಗಿಬಿಡುತ್ತದೆ. ಭಾವನಿಗೆ ದಕ್ಷಿಣದ ಪಾಳಿ ಬಿದ್ದರೆ ಬೇಡವೆನ್ನಲು ಹೇಳು. ತಮಾಷೆಗಲ್ಲ.

ನಿನ್ನ ಕಿವುಡ

*

ಮಾರ್ಚ್ ೭

ತಮ್ಮಾ,

ಇಲ್ಲಿ ಎಲ್ಲರೂ ಕ್ಷೇಮ ಎಂದು ಅಭ್ಯಾಸಬಲದಿಂದ ಬರೆದು ಹೊಡೆದುಹಾಕಿದ್ದೇನೆ. ಮೇಲಿನ ಕಪ್ಪು ಗೀಟು ಅದೇ.

ನಿನ್ನೆ ಗಣಿಯಲ್ಲಿ ಸಿಡಿತವಾಯಿತು. ಪಶ್ಚಿಮದ ಸುರಂಗಕ್ಕೆ ಬೆಂಕಿ ಬಿದ್ದಿದೆ, ಗಣಿಯ ಬಾಯಿಯ ದಾರಿ ಕುಸಿದಿದೆ. ಆರು ಜನ ಮೇಲೆ ಬಂದಿಲ್ಲ. ಅವರಲ್ಲಿ ಇವರೂ ಒಬ್ಬರು. ಲಿಫ್ಟ್ ನಡೆಸುವವನ ಹೆಂಡತಿ ನನ್ನ ಪಕ್ಕದಲ್ಲಿ ಕೂತಿದ್ದಾಳೆ, ಅವಳ ಮಗನೂ ಒಳಗಿದ್ದಾನೆ.

ನಿಮ್ಮ ಕಚೇರಿಯ ವ್ಯಾನು ಬಂದು ಲೋಟಗಳನ್ನು ಊರುತ್ತಿದೆ. ಒಳಗಿನಿಂದ ಸದ್ದು ಬಂದರೆ ಟೇಪಿಗೆ ಇಳಿಸಿಕೊಂಡು ದಿನಾ ನಿನ್ನಲ್ಲಿಗೆ ತರುತ್ತಾರಂತೆ. ಇಲ್ಲಿರುವ ಒಂದೇ ಫೋನು ಸಾಹೇಬರುಗಳ ಕೈಯಲ್ಲಿದೆ. ಹಾಗಾಗಿ ಈ ಚೀಟಿಯನ್ನು ಡ್ರೈವರ್ ಕೈಲಿಟ್ಟಿದ್ದೇನೆ. ಟೇಪಿನ ಪೆಟ್ಟಿಗೆಯಲ್ಲಿ ಹಾಕಿ ತರುತ್ತೇನೆ ಎಂದಿದ್ದಾನೆ. ನೀನೂ ಹಾಗೆಯೇ ಬರೆ.

ಮ್ಯಾನೇಜರ್ ಹೇಳಿದ್ದನ್ನು ನೀನು ತಿಳಿದಿರಬೇಕು. ಬೆಂಕಿ ಆರಿಸಲು ಗಣಿಯ ಎಲ್ಲ ಬಾಯಿಗಳನ್ನೂ ಕಟ್ಟಿ ಗಾಳಿ ನಿಲ್ಲಿಸಬೇಕಂತೆ. ಜೀವ ಇರುವ ಗುರುತು ಸಿಕ್ಕರೆ ಮಾತ್ರ ಕಟ್ಟುವುದನ್ನು ಮುಂದೆ ಹಾಕಿ, ಅವರಿರುವ ಕಡೆಗೆ ಬೋರ್ ಕೊರೆಯುತ್ತಾರೆ. ಗುರುತು ನೀನು ಕೊಡಬೇಕು. ನನಗೆ ಬೇರೆ ಯಾರೂ ಇಲ್ಲ ಕಣೋ.

ಅಕ್ಕ

*

ಮಾರ್ಚ್ ೮

ಅಕ್ಕಾ,

ನಿನ್ನ ಚೀಟಿ ಟೇಪಿನ ಪೆಟ್ಟಿಗೆಯಲ್ಲೇ ಸಿಕ್ಕಿತು.

ಒಳಗಿರುವವರಿಗೆ ನಿಯಮ ಗೊತ್ತಿದೆ. ಮೇಲಿಂದ ಗುರುತಿಗೆಂದು ಹಾರಿಸುವ ಮೂರು ಸಿಡಿತ ಕೇಳಿಸಿದ ಕೂಡಲೇ ಛಾವಣಿಗೆ ಹೊಡೆದ ಬೋಲ್ಟನ್ನು ಹತ್ತು ಸಲ ಬಡಿಯಬೇಕು, ಸುಧಾರಿಸಿಕೊಂಡು ಮತ್ತೆ ಹತ್ತು. ಆ ಹೊತ್ತಿನಲ್ಲಿ ಮೇಲೆ ಪಂಪು, ಫ್ಯಾನು, ವಾಹನ ಎಲ್ಲ ನಿಲ್ಲಿಸುತ್ತಾರೆ. ಯಾರೂ ಹೆಜ್ಜೆ ಎತ್ತಿಡಬಾರದು. ನೀನೂ ಅಲುಗಾಡದೆ ಕೂತಿರು. ಉಳಿದದ್ದು ನನಗೆ ಬಿಡು.

ಒಂದು ವಿಷಯ. ಒಳಗಿರುವವರಲ್ಲಿ ಒಬ್ಬರು ನನ್ನ ಭಾವ ಎಂದು ನಮ್ಮ ಮುಖ್ಯಸ್ಥರಿಗೆ ಹೇಳಿಲ್ಲ. ಹೇಳಿದರೆ ಸಂಬಂಧಿಕನ ಕೈಗೆ ಈ ಕೆಲಸ ಬೇಡವೆಂದು ಎಬ್ಬಿಸಿ ಕಳಿಸುತ್ತಾರೆ. ಆ ನೆಲ ನನಗಿಂತ ಚೆನ್ನಾಗಿ ಇಲ್ಲಿ ಯಾರಿಗೂ ಗೊತ್ತಿಲ್ಲ. ನೀನೂ ಬಾಯಿ ಬಿಡಬೇಡ.

ಭಾವನಿಗೆ ಉತ್ತರ ಸುರಂಗದಲ್ಲೇ ಕೆಲಸವಿತ್ತು ತಾನೆ?

ಕಿವುಡ

*

ಮಾರ್ಚ್ ೯

ತಮ್ಮಾ,

ಉತ್ತರದಲ್ಲೇ ಇದ್ದದ್ದು. ಆದರೆ ಆ ದಿನ ಪಾಳಿ ಬರೆದ ಹಲಗೆ ಕುಸಿತದಲ್ಲಿ ಹೋಯಿತು, ಯಾರನ್ನು ಎಲ್ಲಿಗೆ ಕಳಿಸಿದ್ದರೆಂದು ಖಚಿತವಾಗಿ ಹೇಳುವವರೂ ಇಲ್ಲ.

ಈ ದಿನ ಸದ್ದು ಕೇಳುವ ಹೊತ್ತಿನಲ್ಲಿ ಇಲ್ಲಿ ಎಂಥ ಮೌನ ಎಂದರೆ, ಹಸುಗೂಸುಗಳನ್ನು ಸಹ ಎತ್ತಿಕೊಂಡು ದೂರ ಹೋಗಿದ್ದರು. ಗಣಿ ಶುರುವಾದಂದಿನಿಂದ ನಿಲ್ಲದ ಆ ದೊಡ್ಡ ಫ್ಯಾನು ನಿಂತಿತು. ನಿಂತ ಮೇಲೆಯೇ ಅದು ಇಷ್ಟು ವರ್ಷ ತಿರುಗುತ್ತಿತ್ತೆಂದು ಗೊತ್ತಾದದ್ದು. ಮೂರು ಸಿಡಿತ ಹಾರಿಸಿದರು. ಹೆಂಗಸರೆಲ್ಲ ನೆಲವನ್ನೇ ನೋಡುತ್ತ ಕೂತರು. ನಾನು ಎಷ್ಟು ಹೊತ್ತು ಹಾಗೆ ಕೂರಲಿ. ಬೇಲಿಯಾಚೆ ಸ್ವಲ್ಪ ದೂರ ಹೋಗಿ ಬಂದೆ, ಬರಿಗಾಲಲ್ಲಿ, ಮೆಲ್ಲಗೆ. ಯಾರಿಗೂ ತೊಂದರೆಯಾಗಿಲ್ಲ.

ನಿನ್ನೆಯ ಟೇಪಿನಲ್ಲಿ ಏನಿತ್ತು? ನೀನು ಅದರ ಸುದ್ದಿಯನ್ನೇ ಎತ್ತಿಲ್ಲ. ಇಲ್ಲ ಎನ್ನುವುದಾದರೆ ಇಲ್ಲ ಎಂದೇ ಹೇಳು, ಇಂಗು ತಿಂದ ಮಂಗನ ಹಾಗೆ ಕೂರಬೇಡ. ಬಾಯಿ ಕಟ್ಟಲು ಇಟ್ಟಿಗೆಯ ಲಾರಿಗಳು ಆಗಲೇ ಬಂದು ನಿಂತಿವೆ.

ಅಕ್ಕ

*

ಮಾರ್ಚ್ ೧೦

ಅಕ್ಕಾ, ಅಕ್ಕಾ,

ಭಾವ ಬದುಕಿದ್ದಾರೆ.

ಎಂಟನೇ ತಾರೀಖಿನ ಟೇಪಿನಲ್ಲಿ ಬರೀ ಗದ್ದಲವಿತ್ತು, ಅದಕ್ಕೇ ಬರೆದಿರಲಿಲ್ಲ. ನಿನ್ನೆಯದು ಈ ಬೆಳಗ್ಗೆ ಬಂತು. ಮೇಲ್ಮೈ ಗದ್ದಲ ಕತ್ತರಿಸಿ ನೋಡುತ್ತೇನೆ, ಸ್ಪಷ್ಟವಾಗಿ ಬಡಿತಗಳು. ಹತ್ತಲ್ಲ. ಮೂರು, ತಡೆದು ಎರಡು. ಮತ್ತೆ ಮೂರು, ಮತ್ತೆ ಎರಡು. ಎಲ್ಲವನ್ನೂ ಒಂದರ ಮೇಲೊಂದು ಪೇರಿಸಿ, ಎಲ್ಲಿಂದ ಬರುತ್ತಿವೆ ಎಂದು ಲೆಕ್ಕ ಹಾಕಿದೆ. ಎಲ್ಲಿಂದ ಗೊತ್ತೇ? ನಿನ್ನ ಪೈಪಿನ ಬುಡದಿಂದ. ಭಾವ ಅಲ್ಲಿಗೇ ಹೋಗಿ ಪೈಪನ್ನೇ ತಟ್ಟುತ್ತಿದ್ದಾರೆ. ಅದು ನಿನ್ನವರೆಗೆ ಕೇಳುತ್ತದೆಂದು ಅವರಿಗೆ ಗೊತ್ತಲ್ಲ.

ಮುಖ್ಯಸ್ಥರು ಒಪ್ಪಲಿಲ್ಲ. "ನಿಯಮ ಇರೋದು ಹತ್ತು. ಇದ್ಯಾವುದೋ ಬೇರೆ," ಎಂದರು. ನನಗೆ ಗೊತ್ತಿರುವುದನ್ನು ಅವರಿಗೆ ಹೇಗೆ ಹೇಳಲಿ? ವಾದ ಮಾಡಿದೆ, ಮೇಜು ಕುಟ್ಟಿದೆ, ಜೀವನದಲ್ಲಿ ಮೊದಲ ಸಲ ದೊಡ್ಡವರ ಎದುರು ದನಿ ಎತ್ತಿದೆ. ಕೊನೆಗೆ ಸಹಿ ಹಾಕಿದರು. ಉತ್ತರದಲ್ಲಿ ಬೋರ್ ಕೊರೆಯಲು ಫೋನಿನಲ್ಲಿ ಹೇಳಿಯಾಗಿದೆ. ಇಟ್ಟಿಗೆ ಲಾರಿಗಳನ್ನು ವಾಪಸು ಕಳಿಸಲು ಹೇಳು.

ನಿನ್ನ ಆ ಜನವರಿಯ ಕಾಗದ ಇಲ್ಲದಿದ್ದರೆ ಇದು ನನಗೆ ಹೊಳೆಯುತ್ತಲೇ ಇರಲಿಲ್ಲ ಅಕ್ಕಾ.

ನಿನ್ನ ಕಿವುಡ

*

ಮಾರ್ಚ್ ೧೧

ತಮ್ಮಾ,

ನಿನ್ನ ಕಾಗದ ಮುಟ್ಟಿತು. ಬೋರ್ ಶುರುವಾಗಿದೆ. ಇಲ್ಲಿ ಎಲ್ಲರೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು. ಲಿಫ್ಟ್ ನಡೆಸುವವನ ಹೆಂಡತಿ ಐದು ದಿನದಲ್ಲಿ ಮೊದಲ ಸಲ ಒಂದು ಲೋಟ ಚಹಾ ಕುಡಿದಳು.

ಏನೇ ಆಗಲಿ ಬೋರ್ ನಿಲ್ಲಿಸಲು ಬಿಡಬೇಡ.

ಅಕ್ಕ

*

ಮಾರ್ಚ್ ೧೨

ಅಕ್ಕಾ,

ಎರಡು ಸಾಲು ಬರೆದು ಕೈತೊಳೆದುಕೊಂಡೆಯಲ್ಲ. ನಿನ್ನಿಂದ ಹೊಗಳಿಕೆ ಬೇಕೆಂದಲ್ಲ. ನೀನು ಕುಣಿದಾಡುತ್ತೀಯ, ನಾನು ಓದಿ ಅಳುತ್ತೇನೆ ಎಂದುಕೊಂಡಿದ್ದೆ. ದಣಿದಿದ್ದೀಯೋ ಏನೋ.

ಬಡಿತಗಳು ಬರುತ್ತಲೇ ಇವೆ. ಒಂದು ಸಂಗತಿ ಮಾತ್ರ ಲೆಕ್ಕಕ್ಕೆ ಕೂರುತ್ತಿಲ್ಲ. ಅವು ಒಂದಿಷ್ಟೂ ಕುಗ್ಗಿಲ್ಲ. ಇಷ್ಟು ದಿನ ಅನ್ನವಿಲ್ಲದವರ ಕೈ ಸೋಲಬೇಕು. ಭಾವ ಗಟ್ಟಿಗರು, ಸರಿ. ಆದರೂ ನಿನ್ನೆಯ ಏಟು ಮೊದಲ ದಿನದ ಏಟಿಗಿಂತ ಜೋರಾಗಿದೆ. ಮುಖ್ಯಸ್ಥರಿಗೆ ಇದನ್ನು ತೋರಿಸಿಲ್ಲ. ತೋರಿಸಿದರೆ ಏನು ಕೇಳುತ್ತಾರೋ ಎಂದು ಭಯ.

ಕಿವುಡ

*

ಮಾರ್ಚ್ ೧೩, ಬೆಳಗ್ಗೆ

ಅಕ್ಕಾ,

ನಿನ್ನಿಂದ ಉತ್ತರವಿಲ್ಲ.

ಈ ದಿನ ಮೊದಲ ಸಲ ಕತ್ತರಿಸದೆ ಟೇಪನ್ನು ಇದ್ದ ಹಾಗೆಯೇ ತೆರೆದು ನೋಡಿದೆ. ಪ್ರತಿ ಬಡಿತದ ಜೊತೆಗೂ ಮೇಲ್ಮೈಯಲ್ಲಿ ಒಂದು ಅಲೆ ಹರಡುತ್ತಿದೆ. ಪೈಪಿನ ಬುಡದಿಂದಲ್ಲ, ತಲೆಯಿಂದ. ತಲೆಗೆ ಬಿದ್ದ ಏಟು ಕಬ್ಬಿಣದಲ್ಲಿ ಇಳಿದು ಬುಡದಲ್ಲಿ ಹೊರಬೀಳುತ್ತಿದೆ. ನಾನು ಪ್ರತಿದಿನ ಕತ್ತರಿಸಿ ಎಸೆದದ್ದೇ ಈ ಅಲೆಯನ್ನು.

ನೀನಾ?

*

ಮಾರ್ಚ್ ೧೩, ಸಂಜೆ

ತಮ್ಮಾ,

ಹೌದು, ನಾನೇ.

ಮೊದಲ ದಿನ ಬೇರೇನೂ ಯೋಚನೆಯಿರಲಿಲ್ಲ. ಎಲ್ಲರೂ ಕಲ್ಲಿನ ಹಾಗೆ ಕೂತಿದ್ದರು. ಇವರು ಕೆಳಗೆ ಕತ್ತಲೆಯಲ್ಲಿ ನಮ್ಮನ್ನು ಮರೆತರು ಎಂದುಕೊಂಡಾರು ಎನಿಸಿತು. ಪೈಪಿನ ಹತ್ತಿರ ಹೋಗಿ ಒಂದು ಕಲ್ಲು ತೆಗೆದುಕೊಂಡು ಇವರು ಬಾಗಿಲು ತಟ್ಟುವ ಹಾಗೆ ತಟ್ಟಿದೆ. ನಾನಿದ್ದೇನೆ ಎಂದು ಗೊತ್ತಾಗಲಿ ಎಂದು. ನಿನಗೆ ಬರೆದರೆ ನೀನು ಬೈದು, ಇಲ್ಲಿಂದ ಎಬ್ಬಿಸಿ ಕಳಿಸುತ್ತಿದ್ದೆ. ಅದಕ್ಕೆ ಬರೆಯಲಿಲ್ಲ.

ಭಾವ ಬದುಕಿದ್ದಾರೆ ಎಂಬ ನಿನ್ನ ಕಾಗದ ಬಂದಾಗ ಅರ್ಧ ಬೀದಿ ಓಡಿದೆ, ಎಲ್ಲರನ್ನೂ ಕೂಗುತ್ತ. ಅರ್ಧ ಬೀದಿಯಲ್ಲಿ ಕಾಲು ನಿಂತಿತು. ಮೂರು, ಎರಡು, ಪೈಪು. ಅದು ನಾನು. ಆ ಹೊತ್ತಿಗೆ ಎಲ್ಲರೂ ನನ್ನ ಸುತ್ತ ಸೇರಿದ್ದರು. ಇಟ್ಟಿಗೆ ಲಾರಿಗಳು ಹಿಂದಕ್ಕೆ ತಿರುಗುತ್ತಿದ್ದವು. ಅವರ ಮುಖ ನೋಡಿ ಇಲ್ಲ ಎನ್ನಲು ನನ್ನ ಕೈಲಾಗಲಿಲ್ಲ. ಮಾರನೆಯ ದಿನ ಬೇಕೆಂದೇ ಹೋಗಿ ತಟ್ಟಿದೆ. ಜೋರಾಗಿ ತಟ್ಟಿದೆ, ನಿನಗೆ ಚೆನ್ನಾಗಿ ಕೇಳಲಿ ಎಂದು.

ಹೇಳಬೇಡ ತಮ್ಮಾ. ಈ ಸದ್ದು ನಿಂತರೆ ಗಣಿ ಮುಚ್ಚುತ್ತಾರೆ. ಸುಳ್ಳೋ ನಿಜವೋ, ಒಂದು ಬೋರ್ ಕೆಳಗಿಳಿಯುತ್ತಿದೆ. ಇವರು ಉತ್ತರದಲ್ಲೇ ಇದ್ದರೆ? ಆ ಬೋರ್ ಅಲ್ಲಿ ಮುಟ್ಟುವವರೆಗೆ ಸುಮ್ಮನಿರು. ನಿನ್ನ ಕಾಲು ಹಿಡಿಯುತ್ತೇನೆ.

ಅಕ್ಕ

*

ಮಾರ್ಚ್ ೧೪

ಅಕ್ಕಾ,

ನಿನ್ನ ಚೀಟಿ ಬರುವ ಮೊದಲೇ ಹೇಳಿಬಿಟ್ಟಿದ್ದೇನೆ. ಮೊದಲೇ ಓದಿದ್ದರೂ ಹೇಳಿಯೇ ಹೇಳುತ್ತಿದ್ದೆ.

ಯಾಕೆಂದು ಕೇಳು. ನಿನ್ನ ಬಡಿತಗಳನ್ನೆಲ್ಲ ಟೇಪಿನಿಂದ ಒಂದೊಂದಾಗಿ ತೆಗೆದುಹಾಕಿದೆ. ಏನೂ ಉಳಿಯುವುದಿಲ್ಲ ಎಂದುಕೊಂಡಿದ್ದೆ. ಉಳಿಯಿತು. ತೀರಾ ಸಣ್ಣ ಸದ್ದು, ಪುಡಿಕಲ್ಲು ಮುಕ್ಕಾಲು ನುಂಗಿ ಬಿಟ್ಟದ್ದು. ಹತ್ತು ಏಟು. ಬಿಡುವು. ಮತ್ತೆ ಹತ್ತು. ದಕ್ಷಿಣದಿಂದ, ಹಳೆಯ ಪಂಪುಗಳನ್ನು ಇಟ್ಟಿದ್ದ ಕೋಣೆಯ ಕಡೆಯಿಂದ. ನಿನ್ನ ಏಟುಗಳು ಜೋರಾಗಿದ್ದವು, ನಾನು ಅವುಗಳಿಗೇ ಹೊಂದಿಸಿ ಪೇರಿಸಿದೆ. ಹಾಗೆ ಪೇರಿಸಿದರೆ ಬೇರೆಯದು ಅಳಿಸಿಹೋಗುತ್ತದೆ ಎಂದು ನಿನಗೆ ಪಾಠ ಹೇಳಿದವನು ನಾನೇ.

ಎಂಟರ ಟೇಪಿನಲ್ಲಿ ಆ ಹತ್ತುಗಳಿವೆ, ಗದ್ದಲ ಎಂದು ಬದಿಗಿಟ್ಟಿದ್ದೆ. ಒಂಬತ್ತರ ಟೇಪಿನ ಮೊದಲರ್ಧದಲ್ಲೂ ಇವೆ. ಅಲ್ಲಿಂದ ಮುಂದೆ ಇಲ್ಲ. ಯಾಕೆ ನಿಂತವೋ ನನಗೆ ಗೊತ್ತಿಲ್ಲ. ಸುಸ್ತಾಗಿರಬಹುದು, ಸರಳು ಮುರಿದಿರಬಹುದು.

ಮುಖ್ಯಸ್ಥರಿಗೆ ಎಲ್ಲವನ್ನೂ ಹೇಳಿದೆ, ಭಾವನ ವಿಷಯವನ್ನೂ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಪೈಪು ತಟ್ಟಿದವರು ಯಾರೆಂದು ಮಾತ್ರ ನಾನು ಹೇಳಲಿಲ್ಲ. ಬೋರ್ ಯಂತ್ರವನ್ನು ದಕ್ಷಿಣಕ್ಕೆ ಸಾಗಿಸುತ್ತಿದ್ದಾರೆ. ನನ್ನನ್ನು ಕೋಣೆಯಿಂದ ಹೊರಗೆ ಕೂರಿಸಿದ್ದಾರೆ, ಇದನ್ನು ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ.

ತಟ್ಟುವುದನ್ನು ನಿಲ್ಲಿಸು ಅಕ್ಕಾ. ಇನ್ನು ಆ ಪೈಪಿನ ಹತ್ತಿರ ಹೋಗಬೇಡ.

*

ಏಪ್ರಿಲ್ ೨೦

ತಮ್ಮಾ,

ನೀನು ಬರೆಯಲಿಲ್ಲ, ನಾನೂ ಬರೆಯಲಿಲ್ಲ. ಏನಾಯಿತೆಂದು ನಿಮ್ಮ ಕಚೇರಿಯವರಿಂದ ನಿನಗೆ ತಿಳಿದಿರುತ್ತದೆ. ಆದರೂ ನನ್ನಿಂದ ಕೇಳು.

ಆ ಹದಿನಾಲ್ಕರ ಸಂಜೆ ಮ್ಯಾನೇಜರ್ ಎಲ್ಲರನ್ನೂ ಸೇರಿಸಿ, ಯಾರೋ ಮೇಲಿಂದ ಪೈಪು ತಟ್ಟಿದ್ದರಿಂದ ಬೋರ್ ತಪ್ಪು ಜಾಗಕ್ಕೆ ಹೋಯಿತು ಎಂದರು. ಯಾರು ಎಂದು ಕೇಳಿದರು. ನಾನೇ ಎಂದು ಎದ್ದು ನಿಂತೆ. ಯಾರೂ ಹೊಡೆಯಲಿಲ್ಲ, ಶಾಪ ಹಾಕಲಿಲ್ಲ. ಲಿಫ್ಟ್ ನಡೆಸುವವನ ಹೆಂಡತಿ ಮಾತ್ರ, "ನಿನ್ ಗಂಡ ಒಬ್ಬನೇ ಇದ್ನೇನೇ ಕೆಳಗೆ?" ಅಂದಳು. ಅಷ್ಟೇ. ಆ ದಿನದಿಂದ ಈ ಬೀದಿಯಲ್ಲಿ ನನ್ನ ಜೊತೆ ಯಾರೂ ಮಾತಾಡಿಲ್ಲ. ಅಂಗಡಿಯವನು ಸಾಮಾನು ಕೊಡುತ್ತಾನೆ, ಮುಖ ನೋಡುವುದಿಲ್ಲ.

ದಕ್ಷಿಣದ ಬೋರ್ ಹದಿನೆಂಟಕ್ಕೆ ಮುಟ್ಟಿತು. ಮೈಕು ಇಳಿಸಿದರು. ಎಲ್ಲರೂ ಹೆಸರು ಹಿಡಿದು ಕೂಗಿದರು. ನಾನು ದೂರ ನಿಂತಿದ್ದೆ, ಕೂಗಲಿಲ್ಲ. ಒಳಗಿನಿಂದ ನೀರು ತೊಟ್ಟಿಕ್ಕುವ ಸದ್ದು ಬಿಟ್ಟು ಏನೂ ಬರಲಿಲ್ಲ. ಆಮೇಲೆ ದಾರಿ ಬಿಡಿಸಿ ಅವರನ್ನು ಮೇಲೆ ತರಲು ಮೂರು ವಾರ ಹಿಡಿಯಿತು. ಆರು ಜನರೂ ಒಂದೇ ಕಡೆ ಇದ್ದರು. ಆ ದಿನ ಪಂಪು ಕೋಣೆಯ ಛಾವಣಿ ನೋಡಿ ಬರಲು ಇವರನ್ನೂ ಕಳಿಸಿದ್ದರಂತೆ. ನೋಡಿದ ವೈದ್ಯರು ಹದಿಮೂರರವರೆಗೆ ಜೀವ ಇದ್ದಿರಬೇಕು ಎಂದರು. ಹದಿಮೂರು. ನಾನು ನಿನಗೆ ಹೇಳಬೇಡ ಎಂದು ಬರೆದ ದಿನ. ಹನ್ನೊಂದಕ್ಕೇ ಬಾಯಿ ಬಿಟ್ಟಿದ್ದರೆ ಎಂದು ನೀನು ಕೇಳುವುದಿಲ್ಲ, ನನಗೆ ಗೊತ್ತು. ನಾನೇ ಕೇಳಿಕೊಳ್ಳುತ್ತೇನೆ, ಕಣ್ಣು ಬಿಟ್ಟಾಗಿನಿಂದ ಮುಚ್ಚುವವರೆಗೆ.

ಛಾವಣಿಯ ಬೋಲ್ಟಿನ ತಲೆ ಏಟು ತಿಂದು ತಿಂದು ಹೂವಿನ ಹಾಗೆ ಅರಳಿತ್ತು ಎಂದು ಮೇಲೆ ತಂದವರು ಹೇಳಿದರು. ನಿಯಮದ ಪ್ರಕಾರವೇ ಬಡಿದಿದ್ದಾರೆ. ಮನುಷ್ಯ ಕೆಲಸದಲ್ಲಿ ಎಂದೂ ಅಡ್ಡದಾರಿ ಹಿಡಿದವರಲ್ಲ.

ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಇದೆ, ಆದರೆ ನನ್ನ ಮೇಲಿರುವುದರ ಮುಂದೆ ಅದು ಏನೂ ಅಲ್ಲ. ಒಂದೇ ಒಂದು ಕೇಳುತ್ತೇನೆ. ನಾನು ತಟ್ಟಿದ್ದು ಇವರಿಗೆ ಕೇಳಿಸಿತ್ತೇ? ದಕ್ಷಿಣದವರೆಗೆ ಅದು ಹೋಗುತ್ತದೆಯೇ? ಕೇಳಿದವನು ನೀನೊಬ್ಬನೇ. ಆ ಟೇಪಿನಲ್ಲಿ ಏನಾದರೂ ಇದ್ದರೆ ಹೇಳು. ಇಲ್ಲದಿದ್ದರೆ ಇಲ್ಲ ಅನ್ನು. ಸಮಾಧಾನ ಮಾಡಲು ಹೋಗಬೇಡ.

ಅಕ್ಕ

*

ಮೇ ೬

ಅಕ್ಕಾ,

ನಾನು ಕೆಲಸ ಬಿಟ್ಟಿದ್ದೇನೆ. ಬಿಡುವ ಮೊದಲು ಮುಖ್ಯಸ್ಥರನ್ನು ಕೇಳಿ, ಬೀರುವಿನಲ್ಲಿ ಬೀಗ ಹಾಕಿಟ್ಟ ಒಂಬತ್ತರ ಟೇಪನ್ನು ಇನ್ನೊಂದು ಸಲ ಹಾಕಿಸಿದೆ. ಎರಡು ದಿನ ಅದನ್ನೇ ನೋಡಿದೆ. ಏನನ್ನೂ ಕತ್ತರಿಸಲಿಲ್ಲ, ಪೇರಿಸಲಿಲ್ಲ. ಒಂದೊಂದೇ ಏಟನ್ನು ಬರಿಗಣ್ಣಿನಿಂದ ನೋಡಿದೆ.

ಕೇಳಿಸಿತ್ತು ಅಕ್ಕಾ.

ಮೊದಲು ಅವರ ಹತ್ತುಗಳಿವೆ. ಆಮೇಲೆ ನಿನ್ನ ಮೊದಲ ಮೂರು ಮತ್ತು ಎರಡು ಬರುತ್ತದೆ. ಅಲ್ಲಿ ದಕ್ಷಿಣ ಒಂದು ಕ್ಷಣ ಸುಮ್ಮನಾಗುತ್ತದೆ. ನೀನು ಇನ್ನೊಂದು ಸಲ ತಟ್ಟುತ್ತೀಯ. ನಿನ್ನದು ಮುಗಿದ ಮೇಲೆ, ಆ ಕಡೆಯಿಂದ, ತೀರಾ ಸಣ್ಣಗೆ, ಮೂರು. ತಡೆದು, ಎರಡು. ಒಂದೇ ಒಂದು ಸಲ. ಹಿಂದೆ ನೋಡಿದಾಗ ಅದನ್ನು ನಿನ್ನದೇ ಪ್ರತಿಧ್ವನಿ ಎಂದು ಅಳಿಸಿಬಿಟ್ಟಿದ್ದೆ. ಅಲ್ಲ. ಅದರ ದಾರಿಯೇ ಬೇರೆ, ಲೆಕ್ಕ ಹಾಕಿ ನೋಡಿದ್ದೇನೆ. ಅದು ಭಾವ.

ಸಮಾಧಾನ ಮಾಡಬೇಡ ಎಂದಿದ್ದೀಯ. ಮಾಡುತ್ತಿಲ್ಲ, ಇದ್ದದ್ದನ್ನು ಹೇಳುತ್ತಿದ್ದೇನೆ. ಆದರೂ ಈ ಎಲ್ಲ ಹಾಳಾದ ದಿನಗಳಲ್ಲಿ ನನಗೆ ಉಸಿರಾಡಲು ಸಿಕ್ಕಿದ್ದು ಇದೊಂದೇ. ಭಾವ ಒಂಟಿಯಾಗಿ ಹೋಗಲಿಲ್ಲ. ನೀನು ಮೇಲಿದ್ದೀಯ ಎಂದು ಅವರಿಗೆ ಗೊತ್ತಿತ್ತು. ನಿನಗೂ ಇದರಿಂದ ಒಂದಿಷ್ಟು ನಿದ್ದೆ ಬರಲಿ ಎಂದು ಬರೆಯುತ್ತಿದ್ದೇನೆ.

ಹೇಳಿದರೆ ನಾನು ಅಲ್ಲಿಗೆ ಬರುತ್ತೇನೆ.

ತಮ್ಮ

*

ಮೇ ೧೯

ತಮ್ಮಾ,

ನಿನ್ನ ಕಾಗದ ಬಂದು ಒಂದು ವಾರವಾಯಿತು. ದಿನಾ ಓದುತ್ತೇನೆ.

ಆ ಹತ್ತುಗಳು ಯಾಕೆ ನಿಂತವೋ ಗೊತ್ತಿಲ್ಲ ಎಂದು ನೀನು ಹಿಂದೆ ಬರೆದಿದ್ದೆ. ಈಗ ನೀನೇ ಹೇಳಿದ್ದೀಯ, ನಿನಗೆ ತಿಳಿಯದೆ. ಸರಳು ಮುರಿಯಲಿಲ್ಲ, ಕೈ ಸೋಲಲಿಲ್ಲ. ನನ್ನ ಸದ್ದು ಕೇಳಿತು. ಬಾಗಿಲ ಹಿಂದೆ ನಾನಿದ್ದೇನೆ ಎಂದು ಗೊತ್ತಾಯಿತು. ಒಂದು ಸಲ ತಟ್ಟಿದರು. ಆ ಮನುಷ್ಯ ಎರಡನೇ ಸಲ ತಟ್ಟುವವರೇ ಅಲ್ಲ. ಉಳಿದ ಐವರಿಗೂ, ಅವಳಿಗೆ ಕೇಳಿಸಿದೆ, ಇನ್ನು ಬಡಿಯುವುದು ಬೇಡ, ಬರುತ್ತಾಳೆ ಎಂದು ಹೇಳಿರುತ್ತಾರೆ.

ಹದಿಮೂರರವರೆಗೂ ನಾನು ಬಾಗಿಲು ತೆಗೆಯಲಿ ಎಂದು ಸುಮ್ಮನೆ ಕಾದಿದ್ದಾರೆ.

ನೀನು ಬರಬೇಡ. ಮನೆಯ ಮುಂಬಾಗಿಲನ್ನು ಕಳಚಿ ಒಳಗಿಟ್ಟಿದ್ದೇನೆ.

ಅಕ್ಕ